ಮೃದಂಗದ ನಾದಕ್ಕೊಂದು ಕನ್ನಡಿ

ಆಷಾಢ ಏಕಾದಶಿ ಹತ್ತಿರವಾಗುತ್ತಿದ್ದಂತೆ ಸಾಸವಡದ ಬೀದಿಗಳಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಆಳಂದಿಯಿಂದ ಹೊರಟ ಜ್ಞಾನೇಶ್ವರರ ಪಲ್ಲಕ್ಕಿ ಪುಣೆ ದಾಟಿ, ದಿವೆ ಘಾಟ್ ಹತ್ತಿ ಇಲ್ಲಿ ಬೀಡುಬಿಡುತ್ತದೆ. ಅವರ ತಮ್ಮ ಸೋಪಾನದೇವರ ಸಮಾಧಿ ಇರುವುದೂ ಕರ್ಹಾ ನದಿಯ ದಂಡೆಯ ಇದೇ ಊರಿನಲ್ಲಿ. ಎಲ್ಲೆಲ್ಲೂ ತಾಳ, ಮೃದಂಗ, ಅಭಂಗ! ವಾರಕರಿಗಳು ಮೃದಂಗವೆನ್ನುವುದು ಪಖವಾಜಿಗೆ. ನಮ್ಮ ಕರ್ನಾಟಕ ಸಂಗೀತದ ಮೃದಂಗದ ಹತ್ತಿರದ ಬಂಧು ಅದು.

ಈ ಗದ್ದಲದಲ್ಲೂ ಒಂದು ವಿಷಯ ಕಿವಿಗೆ ಬೀಳದೆ ಇರದು. ಡೋಲು, ತಮಟೆಗಳು ಗುಡುಗುತ್ತವೆ. ಮೃದಂಗವಾದರೋ ಶ್ರುತಿಗೆ ಕೂಡಿ ಹಾಡುತ್ತದೆ. ಎಲ್ಲವೂ ಬಿಗಿದ ಚರ್ಮವೇ ಅಲ್ಲವೇ? ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು?

ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಸರ್ ಸಿ.ವಿ. ರಾಮನ್. ಕಲ್ಕತ್ತೆಯಲ್ಲಿದ್ದಾಗ, 1920ರಲ್ಲಿ, ಸಹೋದ್ಯೋಗಿಯೊಬ್ಬರೊಡನೆ ‘ನೇಚರ್’ ಪತ್ರಿಕೆಯಲ್ಲಿ ಈ ಬಗ್ಗೆ ಬರೆದರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ, ಮರುವರ್ಷ ತಾವೇ ಸ್ಥಾಪಿಸಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ ಭಾರತೀಯ ಚರ್ಮವಾದ್ಯಗಳ ಕುರಿತು ವಿಸ್ತಾರವಾದ ಲೇಖನ ಪ್ರಕಟಿಸಿದರು. ಮುಚ್ಚಿಗೆಯ ಮೇಲೆ ನುಣ್ಣನೆಯ ಮರಳು ಉದುರಿಸಿ ನುಡಿಸಿದಾಗ, ಚರ್ಮ ಅಲುಗದೆ ನಿಲ್ಲುವ ಗೆರೆಗಳಲ್ಲಿ ಮರಳು ಸೇರಿಕೊಳ್ಳುವುದನ್ನು ಅವರು ಗಮನಿಸಿದ್ದರು.

ಗುಟ್ಟು ಇರುವುದು ಬಲಮುಚ್ಚಿಗೆಯ ನಡುವಿನ ಕಪ್ಪು ವೃತ್ತದಲ್ಲಿ. ನಾವು ಕರಣೆ ಎನ್ನುತ್ತೇವೆ, ಇಲ್ಲಿನವರು ಶಾಯಿ ಎನ್ನುತ್ತಾರೆ. ಚರ್ಮವನ್ನು ಹೊಡೆದಾಗ ಅದು ಒಂದೇ ಬಗೆಯಲ್ಲಿ ಕಂಪಿಸುವುದಿಲ್ಲ. ಮೂಲಸ್ವರದ ಜೊತೆ ಹಲವು ಉಪಸ್ವರಗಳೂ ಏಳುತ್ತವೆ. ಬರಿಯ ಚರ್ಮದಲ್ಲಿ, ಲೆಕ್ಕದ ಪ್ರಕಾರ, ಅವು ಮೂಲಸ್ವರದ 1.59, 2.14, 2.30 ಪಟ್ಟು. ಒಂದಕ್ಕೊಂದು ಹೊಂದಿಕೆಯಿಲ್ಲ, ಆದ್ದರಿಂದ ಕಿವಿಗೆ ಸದ್ದು ಮಾತ್ರ. ನಡುವೆ ಕರಣೆಯ ಭಾರ ಬಿದ್ದಾಗ ಅವು 2, 3, 4, 5 ಪಟ್ಟಿಗೆ ಹತ್ತಿರ ಬರುತ್ತವೆ. ತಂತಿವಾದ್ಯದ ಉಪಸ್ವರಗಳೂ ಇದೇ ಕ್ರಮದಲ್ಲಿರುವುದರಿಂದ ಮೃದಂಗ ತಂಬೂರಿಯೊಡನೆ ಕೂಡಿಕೊಳ್ಳುತ್ತದೆ.

ಇಂಥ ಕಂಪನಗಳನ್ನು ಚಿತ್ರವಾಗಿ ತೋರಿಸುವ ಯಂತ್ರವೇ ಆಸಿಲೋಸ್ಕೋಪ್. ಜರ್ಮನಿಯ ಕಾರ್ಲ್ ಫರ್ಡಿನಂಡ್ ಬ್ರೌನ್ 1897ರಲ್ಲಿ ರೂಪಿಸಿದ ಕೊಳವೆ ಅದರ ಮೂಲ. ಕಾಲೇಜಿನ ಪ್ರಯೋಗಾಲಯದ ಮೇಜಿನ ಮೇಲೆ ಹಸಿರು ಗೆರೆ ಕುಣಿಸುತ್ತಿದ್ದ ಆ ಪೆಟ್ಟಿಗೆಯನ್ನು ಅನೇಕರು ನೋಡಿರಬಹುದು. ಈಗ ಅದರ ಕೆಲಸವನ್ನು ತಂತ್ರಾಂಶವೇ ಮಾಡುತ್ತದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ ‘ಫಿಫಾಕ್ಸ್’ ಎಂಬ ಆ್ಯಪ್ ಉಚಿತವಾಗಿ ಮೊಬೈಲಿಗೆ ಸಿಗುತ್ತದೆ. ಶಾಲೆ-ಕಾಲೇಜುಗಳಿಗಾಗಿ ದಿಲ್ಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್ ‘ಎಕ್ಸ್‌ಪ್‌ಐಸ್’ ಎಂಬ ಪುಟ್ಟ ಉಪಕರಣವನ್ನು ರೂಪಿಸಿದೆ. ಅದನ್ನು ಕಂಪ್ಯೂಟರಿಗೆ ಜೋಡಿಸಿದರೆ ಪರದೆಯೇ ಆಸಿಲೋಸ್ಕೋಪ್ ಆಗುತ್ತದೆ.

ಇದು ನಡೆಯುವ ಬಗೆ ಸರಳ. ಮೈಕು ಗಾಳಿಯ ಅಲುಗಾಟವನ್ನು ವಿದ್ಯುತ್ತಾಗಿ ಬದಲಿಸುತ್ತದೆ. ಮೊಬೈಲು ಅದನ್ನು ಸೆಕೆಂಡಿಗೆ 44,100 ಅಥವಾ 48,000 ಸಲ ಅಳೆಯುತ್ತದೆ. ಚುಕ್ಕಿಗಳನ್ನು ಸೇರಿಸಿದಾಗ ರಂಗೋಲಿ ಮೂಡುವಂತೆ, ಈ ಅಳತೆಗಳನ್ನು ಸೇರಿಸಿದಾಗ ಅಲೆಯ ಚಿತ್ರ ಮೂಡುತ್ತದೆ. ಎಡದಿಂದ ಬಲಕ್ಕೆ ಕಾಲ, ಮೇಲೆ ಕೆಳಗೆ ಸದ್ದಿನ ಬಲ.

ಮನೆಯಲ್ಲಿ ಮೃದಂಗವೋ ತಬಲವೋ ಇದ್ದರೆ ನೀವೂ ಮಾಡಿ ನೋಡಿ. ಮೊಬೈಲನ್ನು ಒಂದು ಮೊಳ ದೂರವಿಟ್ಟು, ನಾದ ಉಳಿಯುವಂತೆ ಬಲಮುಚ್ಚಿಗೆಯನ್ನು ನುಡಿಸಿ. ಒಂದೇ ಆಕಾರ ಎಷ್ಟು ಹೊತ್ತಿಗೊಮ್ಮೆ ಮರಳಿ ಬರುತ್ತದೆಂದು ಪರದೆಯಲ್ಲಿ ಅಳೆಯಿರಿ. 4 ಮಿಲಿಸೆಕೆಂಡಿಗೊಮ್ಮೆ ಬಂದರೆ, ಸಾವಿರವನ್ನು ನಾಲ್ಕರಿಂದ ಭಾಗಿಸಿ: ಸ್ವರ 250 ಹರ್ಟ್ಸ್. ಅಲೆಯ ತಲೆ ಕತ್ತರಿಸಿದಂತೆ ಚಪ್ಪಟೆಯಾಗಿ ಕಂಡರೆ ಸದ್ದು ಮೈಕಿಗೆ ಹೆಚ್ಚಾಗಿದೆ ಎಂದರ್ಥ. ಮೊಬೈಲನ್ನು ಇನ್ನಷ್ಟು ದೂರವಿಡಿ.

ಆಮೇಲೆ ಸ್ಪೆಕ್ಟ್ರಮ್ ತೆರೆಯಿರಿ. ಇದು ಬೆರೆತ ಸ್ವರಗಳನ್ನು ಬೇರೆ ಬೇರೆಯಾಗಿ ವಿಂಗಡಿಸಿ, ಒಂದೊಂದನ್ನೂ ಒಂದೊಂದು ಶಿಖರವಾಗಿ ನಿಲ್ಲಿಸುತ್ತದೆ. ಒಳ್ಳೆಯ ಮೃದಂಗದಲ್ಲಿ 250, 500, 750, 1000 ಹೀಗೆ ಹೆಚ್ಚುಕಡಿಮೆ ಸಮ ಅಂತರದಲ್ಲಿ ಶಿಖರಗಳು ಕಾಣುತ್ತವೆ. ಕರಣೆಯಿಲ್ಲದ ವಾದ್ಯದಲ್ಲಿ ಈ ಅಚ್ಚುಕಟ್ಟು ಇರುವುದಿಲ್ಲ. ರಾಮನ್ ಹೇಳಿದ್ದು ಕಣ್ಣೆದುರಿಗೇ!

ಆದರೆ ಈ ಕನ್ನಡಿಗೂ ಮಿತಿಯುಂಟು. ಕಾಲು ಸೆಕೆಂಡಿನ ನಾದ ಹಿಡಿದರೆ 4 ಹರ್ಟ್ಸ್ ಅಂತರದ ಸ್ವರಗಳನ್ನು ಬೇರ್ಪಡಿಸಬಹುದು. ಹತ್ತನೇ ಒಂದು ಸೆಕೆಂಡು ಹಿಡಿದರೆ 10 ಹರ್ಟ್ಸ್‌ಗಿಂತ ಹತ್ತಿರದವು ಒಂದಾಗಿಯೇ ಕಾಣುತ್ತವೆ. ಬೇಗ ಆರಿಹೋಗುವ ಪೆಟ್ಟುಗಳಲ್ಲಿ ಪಳಗಿದ ಕಿವಿಯೇ ಮೇಲು. ಮಕ್ಕಳಿಗೆ ಇನ್ನೊಂದು ಎಚ್ಚರಿಕೆ ಹೇಳಲೇಬೇಕು: ಗೋಡೆಯ ಪ್ಲಗ್ಗಿನ ಕರೆಂಟನ್ನು ಮೊಬೈಲಿಗಾಗಲಿ, ಕಂಪ್ಯೂಟರಿನ ಮೈಕಿನ ತೂತಿಗಾಗಲಿ ಎಂದೂ ಜೋಡಿಸಿ ‘ಅಳೆಯಲು’ ಹೋಗಬಾರದು. ಯಂತ್ರವಲ್ಲ, ಪ್ರಾಣವೇ ಹೋದೀತು. ಮೈಕಿನಿಂದ ಕೇಳುವ ಪ್ರಯೋಗಕ್ಕೆ ಯಾವ ಭಯವೂ ಇಲ್ಲ.

ಇಷ್ಟೆಲ್ಲ ಏಕೆ ಬೇಕು ಎನ್ನುವಿರಾ? ಅನ್ನದ ಅಂಟಿನಲ್ಲಿ ಕಪ್ಪು ಪುಡಿ ಕಲಸಿ, ಪದರ ಪದರವಾಗಿ ಹಚ್ಚಿ, ಕಲ್ಲಿನಿಂದ ಉಜ್ಜಿ ಕರಣೆ ಕೂರಿಸುವ ಕುಶಲಕರ್ಮಿ ಈ ಲೆಕ್ಕಗಳಿಗಾಗಿ ಕಾಯಲಿಲ್ಲ. ಪ್ರತಿ ಪದರಕ್ಕೂ ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಇನ್ನು ಸಾಕು ಎನ್ನುವುದನ್ನು ಅವನು ತಂದೆಯಿಂದಲೋ ಗುರುವಿನಿಂದಲೋ ಕಲಿತ. ವಿಜ್ಞಾನಿ 1920ರಲ್ಲಿ ವಿವರಿಸಿದ್ದನ್ನು ಅವನ ಹಿರಿಯರು ಶತಮಾನಗಳ ಹಿಂದೆಯೇ ಮಾಡಿ ಮುಗಿಸಿದ್ದರು. ಆದರೆ ಆ ವಿದ್ಯೆ ಕೈಯಲ್ಲಿದೆ, ಕಾಗದದಲ್ಲಿಲ್ಲ. ಮಗ ಬೇರೆ ಕೆಲಸ ಹಿಡಿದರೆ ಅದು ತಂದೆಯೊಡನೆಯೇ ಮುಗಿಯುತ್ತದೆ.

ಇಲ್ಲಿಯೇ ನಮ್ಮ ಮಕ್ಕಳ ಮೊಬೈಲು ಉಪಯೋಗಕ್ಕೆ ಬರಬಹುದು. ಪುಣೆಯಲ್ಲೋ, ರಜೆಗೆ ಹೋದ ಊರಿನಲ್ಲೋ, ಮೃದಂಗ ಕಟ್ಟುವವರ ಅಪ್ಪಣೆ ಪಡೆದು ಕುಳಿತು, ಒಂದೊಂದು ಪದರ ಹಚ್ಚಿದ ಮೇಲೂ ನಾದವನ್ನು ದಾಖಲಿಸಲಿ. ಶಿಖರಗಳು ಹೇಗೆ ಸರಿದು ತಮ್ಮ ಜಾಗಕ್ಕೆ ಬರುತ್ತವೆಂದು ಚಿತ್ರ ತೆಗೆಯಲಿ. ಪಕ್ಕದಲ್ಲಿ ಆ ಹಿರಿಯರು ಆಡಿದ ಮಾತನ್ನೂ ಬರೆದುಕೊಳ್ಳಲಿ. ವಿಜ್ಞಾನದ ಪಾಠವೂ ಆಯಿತು, ಒಂದು ಕಸುಬಿಗೆ ಬರವಣಿಗೆಯ ಆಸರೆಯೂ ಸಿಕ್ಕಿತು. ಸಂಘದ ಮುಂದಿನ ಮಕ್ಕಳ ಶಿಬಿರದಲ್ಲಿ ಇದನ್ನು ಆರಂಭಿಸಬಾರದೇಕೆ?