ದೇಶಗಳ ಮೇಲೊಂದು ಸರ್ಕಾರ: ಪ್ರೈವಸಿಗೆ ಕಾವಲೋ, ಕಂಟಕವೋ?

ಯಾವುದಾದರೂ ವೆಬ್‌ಸೈಟ್ ತೆಗೆದ ಕೂಡಲೇ ಕುಕೀಸ್ ಬಗ್ಗೆ ಒಂದು ಪೆಟ್ಟಿಗೆ ಎದ್ದು ಬರುತ್ತಲ್ಲ, ನಾವೆಲ್ಲ ಅದನ್ನ ಓದದೇ 'ಅಕ್ಸೆಪ್ಟ್ ಆಲ್' ಒತ್ತಿ ಮುಂದೆ ಹೋಗ್ತೀವಿ. ಆ ಪೆಟ್ಟಿಗೆಯ ಮೂಲ ಬೆಂಗಳೂರೂ ಅಲ್ಲ, ದೆಹಲಿಯೂ ಅಲ್ಲ. ಅದರ ಹಿಂದಿರುವುದು 27 ದೇಶಗಳ ಯುರೋಪಿಯನ್ ಒಕ್ಕೂಟದ ಕಾನೂನು. ದೇಶಗಳ ತಲೆ ಮೇಲೆ ಇಂಥ ಇನ್ನೊಂದು ಸರ್ಕಾರ ಇದ್ದರೆ ಜನರ ಪ್ರೈವಸಿಗೆ ಒಳ್ಳೆಯದಾ? ಹಾಗಿದ್ದರೆ ಜನ ಓಟು ಹಾಕಿ ಆರಿಸಿದ ಅಲ್ಲಿನ ಸಂಸತ್ತುಗಳಿಗೆ ಏನು ಬೆಲೆ? ಕ್ಯಾಂಟೀನಿನಲ್ಲಿ ಶುರುವಾದ ಈ ವಾದ ಮುಗಿಯಲೇ ಇಲ್ಲ. ಹಾಗಾಗಿ ಕೂತು ಒಂದಷ್ಟು ಓದಿದೆವು.

ಮೊದಲು, ಇದು ನಡೆಯೋದು ಹೇಗೆ?

ಒಕ್ಕೂಟದಲ್ಲಿ ಹೊಸ ಕಾನೂನಿನ ಪ್ರಸ್ತಾವ ಮಂಡಿಸುವುದು ಬ್ರಸೆಲ್ಸ್‌ನಲ್ಲಿರುವ ಕಮಿಷನ್. ಅದರ ಸದಸ್ಯರನ್ನು ಜನ ನೇರವಾಗಿ ಆರಿಸುವುದಿಲ್ಲ. ಪ್ರಸ್ತಾವವನ್ನು ಸಾಮಾನ್ಯವಾಗಿ ಇಬ್ಬರು ಒಪ್ಪಬೇಕು: ಜನರೇ ಆರಿಸಿದ ಯುರೋಪಿಯನ್ ಪಾರ್ಲಿಮೆಂಟ್ ಮತ್ತು ಆಯಾ ದೇಶದ ಮಂತ್ರಿಗಳು ಕೂರುವ ಕೌನ್ಸಿಲ್. ಜಗಳ ಬಂದರೆ ಲಕ್ಸೆಂಬರ್ಗ್‌ನಲ್ಲಿ ಒಕ್ಕೂಟದ ನ್ಯಾಯಾಲಯ ಇದೆ.

ಕಾನೂನಿನಲ್ಲಿ ಮುಖ್ಯವಾಗಿ ಎರಡು ಬಗೆ. 'ರೆಗ್ಯುಲೇಷನ್' ಆದರೆ ಎಲ್ಲ ದೇಶದಲ್ಲೂ ನೇರವಾಗಿ ಜಾರಿ. 'ಡೈರೆಕ್ಟಿವ್' ಅಂದರೆ ನಮ್ಮ ಜಾವಾ ಲ್ಯಾಬಿನ ಇಂಟರ್‌ಫೇಸ್ ಇದ್ದ ಹಾಗೆ. ಮೆಥಡ್‌ಗಳ ಹೆಸರನ್ನು ಮೇಲಿನವರು ಕೊಡ್ತಾರೆ, ಒಳಗಿನ ಕೋಡನ್ನು ಪ್ರತಿ ದೇಶವೂ ತಾನೇ ಬರೆಯಬೇಕು. ಬರೆಯದಿದ್ದರೆ ನ್ಯಾಯಾಲಯದಲ್ಲಿ ಕೇಸು, ದಂಡ.

ಮೇಲಿನಿಂದ ಬಂದ ಕಣ್ಗಾವಲು

2004ರಲ್ಲಿ ಮ್ಯಾಡ್ರಿಡ್‌ನ ರೈಲುಗಳಲ್ಲಿ, 2005ರಲ್ಲಿ ಲಂಡನ್ನಿನಲ್ಲಿ ಬಾಂಬ್ ಸ್ಫೋಟಗಳಾದವು. ಅದರ ಬೆನ್ನಲ್ಲೇ 2006ರಲ್ಲಿ ಒಂದು ಡೈರೆಕ್ಟಿವ್ ಬಂತು. ಟೆಲಿಕಾಂ ಮತ್ತು ಇಂಟರ್‌ನೆಟ್ ಕಂಪನಿಗಳು ಎಲ್ಲ ಗ್ರಾಹಕರ ಮೆಟಾಡೇಟಾವನ್ನು 6 ತಿಂಗಳಿಂದ 2 ವರ್ಷದವರೆಗೆ ಇಟ್ಟುಕೊಳ್ಳಬೇಕು ಅಂತ. ಅಂದರೆ ಯಾರು ಯಾರಿಗೆ, ಯಾವಾಗ, ಎಷ್ಟು ಹೊತ್ತು, ಎಲ್ಲಿಂದ ಕರೆ ಮಾಡಿದರು ಅನ್ನೋದು. ಮಾತಿನ ರೆಕಾರ್ಡಿಂಗ್ ಅಲ್ಲ.

'ಮಾತು ಕೇಳಿಸಿಕೊಳ್ಳಲ್ಲವಲ್ಲ, ಹೋಗಲಿ ಬಿಡಿ' ಅಂತ ನಮ್ಮಲ್ಲೂ ಕೆಲವರು ಅಂದರು. ಜರ್ಮನಿಯ ಗ್ರೀನ್ ಪಕ್ಷದ ಮಾಲ್ಟೆ ಸ್ಪಿಟ್ಸ್ ತನ್ನ ಟೆಲಿಕಾಂ ಕಂಪನಿಯಿಂದ ತನ್ನದೇ ಆರು ತಿಂಗಳ ದಾಖಲೆ ಪಡೆದುಕೊಂಡರು. ಸಿಕ್ಕಿದ್ದು 35 ಸಾವಿರಕ್ಕೂ ಹೆಚ್ಚು ನಮೂದು. 2011ರಲ್ಲಿ ಒಂದು ಜರ್ಮನ್ ಪತ್ರಿಕೆ ಅದನ್ನು ನಕ್ಷೆಯ ಮೇಲಿಟ್ಟಾಗ ಆತ ಯಾವ ಊರಿಗೆ ಹೋದರು, ಎಷ್ಟು ಹೊತ್ತಿಗೆ ರೈಲಿನಲ್ಲಿದ್ದರು ಅನ್ನೋದೆಲ್ಲ ಕಾಣುತ್ತಿತ್ತು. ಒಂದೂ ಕರೆಯ ಮಾತು ಬೇಕಾಗಿರಲಿಲ್ಲ.

ಇದನ್ನು ದೇಶಗಳೇ ವಿರೋಧಿಸಿದವು. ರೊಮೇನಿಯಾದ ಸಂವಿಧಾನ ನ್ಯಾಯಾಲಯ 2009ರಲ್ಲಿ, ಜರ್ಮನಿಯದ್ದು 2010ರಲ್ಲಿ, ಝೆಕ್ ದೇಶದ್ದು 2011ರಲ್ಲಿ ತಮ್ಮ ತಮ್ಮ ದೇಶದ ಜಾರಿ ಕಾನೂನನ್ನು ಹೊಡೆದುಹಾಕಿದವು. ಜರ್ಮನಿಯಲ್ಲಿ ದೂರು ಕೊಟ್ಟವರೇ 34 ಸಾವಿರಕ್ಕೂ ಹೆಚ್ಚು ಜನ. ಆದರೂ ಕಮಿಷನ್ ಬಿಡಲಿಲ್ಲ. 2012ರಲ್ಲಿ ಜರ್ಮನಿಯ ಮೇಲೆ ಕೇಸು ಹಾಕಿತು. ಸ್ವೀಡನ್ನಿನ ಸಂಸತ್ತು ಮಸೂದೆಯನ್ನು ಒಂದು ವರ್ಷ ಮುಂದೂಡಿತ್ತು. ಒಟ್ಟಾರೆ ತಡವಾಗಿದ್ದಕ್ಕೆ 2013ರಲ್ಲಿ ಆ ದೇಶಕ್ಕೆ ಬಿದ್ದ ದಂಡ 30 ಲಕ್ಷ ಯೂರೋ.

ಇಲ್ಲಿಗೆ ನಿಲ್ಲಿಸಿದರೆ ಉತ್ತರ ಸುಲಭ: ಮೇಲಿನ ಸರ್ಕಾರ ಪ್ರೈವಸಿಗೂ ಕಂಟಕ, ಪ್ರಜಾಪ್ರಭುತ್ವಕ್ಕೂ ಕಂಟಕ. ಆದರೆ ಕಥೆ ಅಲ್ಲಿಗೆ ಮುಗಿಯಲ್ಲ.

ಅದೇ ಮನೆಯಿಂದ ಬಂದ ಕಾವಲು

ಡಿಜಿಟಲ್ ರೈಟ್ಸ್ ಐರ್ಲೆಂಡ್ ಅನ್ನೋ ಸಂಘಟನೆ ಮತ್ತು ಆಸ್ಟ್ರಿಯಾದ 11 ಸಾವಿರಕ್ಕೂ ಹೆಚ್ಚು ಜನ ಹಾಕಿದ ಕೇಸುಗಳು ಲಕ್ಸೆಂಬರ್ಗ್ ತಲುಪಿದವು. 2014ರ ಏಪ್ರಿಲ್ 8ರಂದು ಒಕ್ಕೂಟದ ನ್ಯಾಯಾಲಯ ಒಕ್ಕೂಟದ್ದೇ ಡೈರೆಕ್ಟಿವ್ ಅನ್ನು ರದ್ದು ಮಾಡಿತು. ಯಾವ ಅನುಮಾನವೂ ಇಲ್ಲದವರ ಡೇಟಾವನ್ನೂ ಸಾರಾಸಗಟಾಗಿ ಕೂಡಿಡುವುದು ಅಗತ್ಯವನ್ನು ಮೀರಿದ್ದು ಅನ್ನೋದು ಅದರ ಮುಖ್ಯ ಕಾರಣ.

ನಮಗೆ ಆಶ್ಚರ್ಯ ಆಗಿದ್ದು ಇದರ ನಂತರದ್ದು. ಬ್ರಸೆಲ್ಸ್‌ನ ಒತ್ತಡ ಹೋದ ಮೇಲೂ ಹಲವು ದೇಶಗಳು ಕೂಡಿಡುವ ಕಾನೂನನ್ನು ತಾವಾಗಿಯೇ ಮುಂದುವರಿಸಿದವು. 2016ರ ಡಿಸೆಂಬರ್‌ನಲ್ಲಿ ಸ್ವೀಡನ್ ಮತ್ತು ಬ್ರಿಟನ್ನಿನ ಇಂಥ ಕಾನೂನುಗಳ ಕೇಸಿನಲ್ಲಿ 'ಎಲ್ಲರ ಡೇಟಾ ಸಾರಾಸಗಟಾಗಿ ಇಡುವಂತಿಲ್ಲ' ಅಂದದ್ದೂ ಅದೇ ನ್ಯಾಯಾಲಯ. ಮೊದಲು ದಂಡ ಕಟ್ಟಿದ ಸ್ವೀಡನ್, ಈಗ ಅದೇ ಕೆಲಸವನ್ನು ಸಮರ್ಥಿಸುತ್ತಾ ಕಟಕಟೆಯಲ್ಲಿ ನಿಂತಿತ್ತು!

ಇನ್ನೊಂದು ಕಥೆ ನಮ್ಮಂಥ ಒಬ್ಬ ವಿದ್ಯಾರ್ಥಿಯದ್ದು. 2011ರಲ್ಲಿ ಆಸ್ಟ್ರಿಯಾದ ಕಾನೂನು ವಿದ್ಯಾರ್ಥಿ ಮ್ಯಾಕ್ಸ್ ಶ್ರೆಮ್ಸ್ ಫೇಸ್‌ಬುಕ್‌ನಿಂದ ತನ್ನ ಡೇಟಾ ಕೇಳಿ ಪಡೆದರು. ಬಂದದ್ದು 1,200ಕ್ಕೂ ಹೆಚ್ಚು ಪುಟ. ಕಂಪನಿಯ ಯುರೋಪ್ ಕಚೇರಿ ಡಬ್ಲಿನ್‌ನಲ್ಲಿದ್ದ ಕಾರಣ ಐರ್ಲೆಂಡಿನ ಡೇಟಾ ಪ್ರಾಧಿಕಾರಕ್ಕೆ ದೂರು ಕೊಟ್ಟರು. 2013ರ ಸ್ನೋಡೆನ್ ಬಹಿರಂಗದ ನಂತರ ಕೊಟ್ಟ ದೂರು ಲಕ್ಸೆಂಬರ್ಗ್ ತಲುಪಿ, ಯುರೋಪಿನ ಡೇಟಾ ಅಮೆರಿಕಕ್ಕೆ ಹೋಗಲು ಇದ್ದ ವ್ಯವಸ್ಥೆ 2015ರಲ್ಲಿ ಬಿತ್ತು. ಅದರ ಬದಲಿಗೆ ಬಂದದ್ದೂ 2020ರಲ್ಲಿ ಬಿತ್ತು.

ಐರ್ಲೆಂಡ್ ಚಿಕ್ಕ ದೇಶ, ದೊಡ್ಡ ಟೆಕ್ ಕಂಪನಿಗಳು ಅಲ್ಲಿ ಕೆಲಸ, ತೆರಿಗೆ ಎರಡನ್ನೂ ಕೊಡುತ್ತವೆ. 2018ರಲ್ಲಿ ಜಾರಿಯಾದ ಜಿಡಿಪಿಆರ್ ಪ್ರಕಾರ ಅಂಥ ಕಂಪನಿಗಳ ವಿಚಾರಣೆಯ ಮುಂದಾಳತ್ವ ಅಲ್ಲಿನ ಪ್ರಾಧಿಕಾರದ್ದೇ. ಮೆಟಾ ಕೇಸಿನಲ್ಲಿ ಅದು ದಂಡ ಬೇಡ ಅಂದಿತ್ತು. ಬೇರೆ ದೇಶಗಳ ಪ್ರಾಧಿಕಾರಗಳು ತಕರಾರು ತೆಗೆದು, ಎಲ್ಲ ದೇಶಗಳ ಮಂಡಳಿ ಕಡ್ಡಾಯ ಮಾಡಿದ ಮೇಲೆ 2023ರಲ್ಲಿ 120 ಕೋಟಿ ಯೂರೋ ದಂಡ ಬಿತ್ತು. ಇಂಥ ಕಂಪನಿಯ ಮುಂದೆ ಒಂದೇ ದೇಶ ನಿಂತಿದ್ದರೆ ಇದು ಆಗ್ತಿತ್ತಾ? ನಮಗಂತೂ ಅನುಮಾನ.

ಹಾಗಾದರೆ ನಮಗೇನು?

ನಮ್ಮ ಮೇಲೆ ಬ್ರಸೆಲ್ಸ್ ಇಲ್ಲ. ಆದರೂ 2021ರ ಡಿಸೆಂಬರ್‌ನಲ್ಲಿ ಭಾರತದ ಟೆಲಿಕಾಂ ಕಂಪನಿಗಳು ಕರೆ ದಾಖಲೆಗಳನ್ನು 1 ವರ್ಷದ ಬದಲು ಕನಿಷ್ಠ 2 ವರ್ಷ ಇಡಬೇಕು ಅಂತ ನಿಯಮ ಬದಲಾಯಿತು. ಅದು ಆಗಿದ್ದು ಸಂಸತ್ತಿನ ಚರ್ಚೆಯಿಂದಲ್ಲ, ದೂರಸಂಪರ್ಕ ಇಲಾಖೆಯ ಲೈಸೆನ್ಸ್ ತಿದ್ದುಪಡಿಯಿಂದ. ಅಂದರೆ ಸರ್ಕಾರ ಸ್ವಂತದ್ದು, ಹತ್ತಿರದ್ದು ಅಂದ ಮಾತ್ರಕ್ಕೆ ಎಲ್ಲವೂ ಜನರನ್ನು ಕೇಳಿಯೇ ಆಗುತ್ತೆ ಅಂತಲ್ಲ.

ಪ್ರಶ್ನಿಸುವ ಬಾಗಿಲು ನಮ್ಮಲ್ಲೂ ಇದೆ. ಅದನ್ನು ತಟ್ಟಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಅವರು ಹಾಕಿದ ಅರ್ಜಿಯಿಂದಲೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು.

ಓದಿ ಮುಗಿಸಿದ ಮೇಲೆ ನಮಗನ್ನಿಸಿದ್ದು ಇಷ್ಟು. ಸರ್ಕಾರ ಎಷ್ಟು ಮೇಲಿದೆ ಅನ್ನೋದಕ್ಕಿಂತ, ಅದು ತಪ್ಪು ಮಾಡಿದಾಗ ಸಾಮಾನ್ಯನೊಬ್ಬ ಹೋಗಿ ಕೇಳೋಕೆ ಜಾಗ ಇದೆಯಾ, ಅಲ್ಲಿ ಉತ್ತರ ಎಷ್ಟು ಬೇಗ ಸಿಗುತ್ತೆ ಅನ್ನೋದು ಮುಖ್ಯ. ಯುರೋಪಿನಲ್ಲಿ ಜಾಗ ಇತ್ತು, ಆದರೆ ಉತ್ತರ ಬರಲು ಎಂಟು ವರ್ಷ ಹಿಡಿಯಿತು. ಅಷ್ಟೂ ದಿನ ಕೋಟಿಗಟ್ಟಲೆ ಜನರ ಮೆಟಾಡೇಟಾ ಸರ್ವರುಗಳಲ್ಲಿ ಕೂತಿತ್ತು.

ಇನ್ನೆರಡು ವರ್ಷಕ್ಕೆ ನಮ್ಮಲ್ಲಿ ಕೆಲವರು ಇಂಥದ್ದೇ ಡೇಟಾಬೇಸ್ ಬರೆಯುವ ಕೆಲಸಕ್ಕೆ ಸೇರ್ತೀವಿ. ಯಾವ ಕಾಲಂ ಇಡಬೇಕು, ಎಷ್ಟು ದಿನಕ್ಕೆ ಅಳಿಸಬೇಕು ಅನ್ನೋ ಪ್ರಶ್ನೆ ನಮ್ಮ ಟೇಬಲ್‌ಗೇ ಬರುತ್ತೆ. ಆಗ 'ಇರಲಿ ಬಿಡು, ಮುಂದೆ ಬೇಕಾಗಬಹುದು' ಅನ್ನೋ ಮೊದಲು ಆ 35 ಸಾವಿರ ನಮೂದು ನೆನಪಾದರೆ ಸಾಕು.