ಮೊಗ್ಗಿನ ಜಡೆಯಿಂದ ಪಾಠದ ಕೋಣೆಗೆ

ಉಡುಪಿ ಸೀಮೆಯಲ್ಲಿ ಮದುಮಗಳ ತಲೆ ಬಾಚಲು ನಿಂತವರು ಮೊದಲು ಸೆಣಸಬೇಕಾದದ್ದು ಸೆಕೆಯೊಂದಿಗೆ. ಕಾಪುವಿನ ಕಡಲ ಬದಿಯಾಗಲಿ, ಘಟ್ಟದ ಬುಡದ ಕಾರ್ಕಳವಾಗಲಿ, ಏಪ್ರಿಲ್–ಮೇ ತಿಂಗಳ ಮದುವೆಯಲ್ಲಿ ಯಂತ್ರದಿಂದ ನೇರ ಮಾಡಿದ ಕೂದಲು ಧಾರೆಯ ಹೊತ್ತಿಗೆ ಮತ್ತೆ ಮೊದಲಿನಂತಾಗಿರುತ್ತದೆ. ಕೂದಲಿನ ಕೆರಾಟಿನ್‌ ಎಳೆಗಳನ್ನು ಹಿಡಿದಿಡುವ ಹೈಡ್ರೋಜನ್‌ ಬಂಧಗಳು ತೇವ ತಾಗಿದೊಡನೆ ಸಡಿಲವಾಗುವುದೇ ಇದಕ್ಕೆ ಕಾರಣ. ವರ್ಷಗಟ್ಟಲೆ ಪಾರ್ಲರ್‌ ನಡೆಸಿದವರಿಗೆ ಇದು ಕೈಯಲ್ಲೇ ಗೊತ್ತು. ಹಾಗಾಗಿಯೇ ಅವರು ಮದುವೆಗೆ ಬಿಡಿಗೂದಲಿಗಿಂತ ಬಿಗಿಯಾದ ಜಡೆಯನ್ನು ನಂಬುತ್ತಾರೆ. ಗೊತ್ತಿರುವುದನ್ನು ಕಾರಣ ಸಮೇತ ಇನ್ನೊಬ್ಬರಿಗೆ ಹೇಳಿಕೊಡಲು ಕಲಿತ ದಿನ ಹೇರ್‌ ಸ್ಟೈಲಿಸ್ಟ್‌ ಶಿಕ್ಷಕಿಯಾಗುತ್ತಾಳೆ.

ಆ ಜಡೆಗಳಲ್ಲಿ ಹಿರಿಯದು ಮೊಗ್ಗಿನ ಜಡೆ. ಅರಳಿದ ಹೂ ಇದಕ್ಕೆ ಆಗದು. ಸಂಜೆಗೆ ಬಿರಿಯಬೇಕಾದ ಮೊಗ್ಗನ್ನು ಬೆಳಿಗ್ಗೆಯೇ ಕೊಯ್ದು, ಒದ್ದೆ ಬಟ್ಟೆಯಲ್ಲಿ ತಂಪಾಗಿಟ್ಟು, ಒಂದೇ ಉದ್ದದವನ್ನು ಆರಿಸಿಕೊಳ್ಳಬೇಕು. ಜಡೆಯಷ್ಟೇ ಉದ್ದದ ಪಟ್ಟಿಯೊಂದನ್ನು ರಟ್ಟಿನಲ್ಲೋ ಬಾಳೆಯ ಹಾಳೆಯಲ್ಲೋ ಕತ್ತರಿಸಿ, ಅದರ ಮೇಲೆ ಮೊಗ್ಗುಗಳನ್ನು ಸಾಲಾಗಿ ಸೂಜಿದಾರದಿಂದ ಹೊಲಿಯುತ್ತಾರೆ. ನಡುನಡುವೆ ಅಬ್ಬಲಿಗೆಯ ಕೆಂಪು ಅಂಚು, ಜಡೆಬಿಲ್ಲೆ, ತುದಿಯಲ್ಲಿ ಕುಚ್ಚು. ಕೂದಲು ತೆಳುವಾಗಿದ್ದರೆ ಒಳಗೆ ಚೌರಿ ಸೇರಿಸಿ ಹೆಣೆದು, ಪಟ್ಟಿಯನ್ನು ಬೆನ್ನಿನ ಮೇಲೆ ಜಡೆಗೇ ಹೊಲಿದುಬಿಡುತ್ತಾರೆ. ಭಾರ ಒಂದೇ ಕಡೆ ಜಗ್ಗಿದರೆ ಮದುಮಗಳಿಗೆ ಮಧ್ಯಾಹ್ನದೊಳಗೆ ತಲೆನೋವು. ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬುದು ಬೆರಳಿಗಷ್ಟೇ ತಿಳಿಯುವ ಲೆಕ್ಕ. ಹಿಂದೆ ಸ್ಟುಡಿಯೋಗಳಲ್ಲಿ ಹೆಣ್ಣುಮಕ್ಕಳನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಮುಖವೂ ಜಡೆಯೂ ಒಟ್ಟಿಗೆ ಕಾಣುವಂತೆ ಫೋಟೊ ತೆಗೆಸುತ್ತಿದ್ದರು. ಹಳೆಯ ಮನೆಗಳ ಗೋಡೆಗಳಲ್ಲಿ ಆ ಚಿತ್ರಗಳು ಇನ್ನೂ ಇವೆ. ಅವುಗಳಲ್ಲಿ ಜಡೆ ಹೆಣೆದವರ ಹೆಸರು ಮಾತ್ರ ಇಲ್ಲ.

ಮೊಗ್ಗು ಹತ್ತಿರದಲ್ಲೇ ಸಿಗುತ್ತದೆ. ಕಾಪು ತಾಲ್ಲೂಕಿನ ಶಂಕರಪುರದ ಸುತ್ತಮುತ್ತ ಬೆಳೆಯುವ ಉಡುಪಿ ಮಲ್ಲಿಗೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಮನೆಯ ಹೆಂಗಸರು ಬಾಳೆನಾರಿನಲ್ಲಿ ಕಟ್ಟುವ ಈ ಹೂವಿನ ಲೆಕ್ಕ ಮೊಳದಲ್ಲಿ ಅಲ್ಲ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನದಿನವೂ ಶಂಕರಪುರದ ಹೂವಿನ ಕಟ್ಟೆಯಲ್ಲಿ ನಿಗದಿಯಾಗುತ್ತದೆ. ಮದುವೆಯ ದಿನಗಳಲ್ಲಿ ಅಟ್ಟೆಗೆ 2,000 ರೂಪಾಯಿ ದಾಟಿದ್ದೂ ಉಂಟು.

ಇನ್ನು ಕೂದಲಿನ ಕಸುಬು. ಕರಾವಳಿಯಲ್ಲಿ ಕ್ಷೌರದ ವೃತ್ತಿಯನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದದ್ದು ಭಂಡಾರಿ ಸಮುದಾಯ. ಅಪ್ಪನಿಂದ ಮಗನಿಗೆ ಬರುತ್ತಿದ್ದ ಆ ವಿದ್ಯೆಗೆ ಪಾಠದ ಕೋಣೆ ಇರಲಿಲ್ಲ, ಸರ್ಟಿಫಿಕೇಟೂ ಇರಲಿಲ್ಲ. ಬ್ಯೂಟಿ ಪಾರ್ಲರ್‌ ಬಂದ ಮೇಲೆ ಎಲ್ಲ ಜಾತಿಯ ಹೆಣ್ಣುಮಕ್ಕಳೂ ಕತ್ತರಿ ಹಿಡಿದರು. 1982ರಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್‌ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಉಜಿರೆಯಲ್ಲಿ ಸ್ವಉದ್ಯೋಗ ತರಬೇತಿ ಕೊಡುವ ರುಡ್‌ಸೆಟ್‌ ಸಂಸ್ಥೆ ಶುರುವಾಯಿತು. ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲೂ ಅದರ ಶಾಖೆ ಇದೆ. ಊಟ, ವಸತಿ ಸಹಿತ ಸುಮಾರು ಒಂದು ತಿಂಗಳ ಉಚಿತ ಬ್ಯೂಟಿ ಪಾರ್ಲರ್‌ ತರಬೇತಿ ಇಂಥ ಸಂಸ್ಥೆಗಳ ಜನಪ್ರಿಯ ಶಿಬಿರಗಳಲ್ಲೊಂದು. ಇಲ್ಲಿ ಪಾಠ ಹೇಳಲು ಕರೆಸುವುದು ಹೆಚ್ಚಾಗಿ ಅದೇ ವೃತ್ತಿಯಲ್ಲಿ ಪಳಗಿದವರನ್ನೇ. ಪಾರ್ಲರ್‌ ನಡೆಸುತ್ತಿದ್ದ ಎಷ್ಟೋ ಹೆಂಗಸರಿಗೆ ಜನ ಮೊದಲ ಬಾರಿ ‘ಮೇಡಂ’ ಎಂದದ್ದು ಇಂಥ ಶಿಬಿರಗಳಲ್ಲೇ.

ಅಂಗಡಿಯ ಬಂಡವಾಳಕ್ಕೂ ಈ ನೆಲದಲ್ಲಿ ಒಂದು ದಾರಿ ಇತ್ತು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್‌ ಬ್ಯಾಂಕ್‌ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ದಿನದ ಸಂಪಾದನೆಯನ್ನೇ ನಂಬಿದ ಕ್ಷೌರದಂಗಡಿಯಂಥ ಕಸುಬುಗಳಿಗೆ ಹೇಳಿ ಮಾಡಿಸಿದ ವ್ಯವಸ್ಥೆ ಅದು.

ಬೋಧಕಿಯ ಕೆಲಸ ಪಾರ್ಲರಿನ ಕೆಲಸಕ್ಕಿಂತ ಬೇರೆ. ಬಣ್ಣ ಹಚ್ಚುವ ಮೊದಲು 48 ಗಂಟೆ ಮುಂಚಿತವಾಗಿ ಕಿವಿಯ ಹಿಂದೆ ಒಂದಿಷ್ಟು ಸವರಿ ನೋಡಬೇಕು ಎಂದರೆ ಸಾಲದು. ಡೈಯಲ್ಲಿರುವ ಪಿಪಿಡಿ ರಾಸಾಯನಿಕ ಕೆಲವರ ಚರ್ಮಕ್ಕೆ ಒಗ್ಗದೆ ಮುಖವೇ ಊದಿಕೊಳ್ಳಬಹುದು ಎಂದು ವಿವರಿಸಬೇಕು. ದೇಶದ ನಾನಾ ಮೂಲೆಗಳಿಂದ, ಹೊರದೇಶಗಳಿಂದ ವಿದ್ಯಾರ್ಥಿಗಳು ಬರುವ ಮಣಿಪಾಲದಲ್ಲಿ ಒಂದೇ ದಿನ ನಾಲ್ಕು ಬಗೆಯ ಕೂದಲು ಕುರ್ಚಿಗೆ ಬರುತ್ತದೆ. ಗುಂಗುರು, ನೇರ, ದಪ್ಪ, ತೆಳು ಪ್ರತಿಯೊಂದಕ್ಕೂ ಕತ್ತರಿಯ ಕೋನ ಬೇರೆ. ಸರ್ಕಾರಿ ದಾರಿಯೂ ಇದೆ: ಐಟಿಐಯಲ್ಲಿ ಒಂದು ವರ್ಷದ ಕಾಸ್ಮೆಟಾಲಜಿ, ಆಮೇಲೆ ಬೋಧಕರಾಗಲು ಮತ್ತೊಂದು ವರ್ಷದ ತರಬೇತಿ. ಮನೆ, ಅಂಗಡಿ ಎರಡನ್ನೂ ತೂಗಿಸಿಕೊಂಡು ಹೋಗುವ ಹೆಂಗಸಿಗೆ ಆ ಎರಡು ವರ್ಷ ಹೊಂದಿಸುವುದು ಸುಲಭವಲ್ಲ.

ದೂರದ ಶಿಕಾಗೋದಲ್ಲಿ ಮಾರ್ಜರಿ ಜಾಯ್ನರ್‌ ಎಂಬ ಕಪ್ಪು ಮಹಿಳೆ ಸಲೂನಿನಿಂದ ಪಾಠದ ಕೋಣೆಗೆ ಹೋಗುವ ದಾರಿಯನ್ನು ಬಹಳ ಹಿಂದೆಯೇ ತುಳಿದಿದ್ದರು. 1916ರ ಸುಮಾರಿಗೆ ಸಲೂನು ತೆರೆದವರು, ಮುಂದೆ ಮೇಡಂ ಸಿ.ಜೆ. ವಾಕರ್‌ ಕಂಪನಿಯ ಸೌಂದರ್ಯ ಶಾಲೆಗಳ ಉಸ್ತುವಾರಿ ಹೊತ್ತು ಸಾವಿರಾರು ಮಂದಿಗೆ ಕಲಿಸಿದರು. ಕೂದಲನ್ನು ಅಲೆಯಾಗಿಸುವ ಯಂತ್ರಕ್ಕೆ 1928ರಲ್ಲಿ ಪೇಟೆಂಟ್‌ ಪಡೆದರು. ಪದವಿ ಪಡೆದದ್ದು 77ನೆಯ ವಯಸ್ಸಿನಲ್ಲಿ. ಅವರ ಕೈಗಿದ್ದ ಬೆಲೆಯನ್ನು ಶಾಲೆಗಳು ಪದವಿಗಿಂತ ಮೊದಲೇ ಗುರುತಿಸಿದ್ದವು.

ನಮ್ಮಲ್ಲೂ ಅಂಥ ಕೈಗಳಿವೆ, ಸಮಯ ಮಾತ್ರ ಕಡಿಮೆ. ಈಗ ಬಟ್ಟೆಯ ಹೂವಿನ ಸಿದ್ಧ ಜಡೆ ಬಾಡಿಗೆಗೆ ಸಿಗುತ್ತದೆ. ಪಿನ್ನು ಚುಚ್ಚಿದರೆ ಐದು ನಿಮಿಷದ ಕೆಲಸ. ಎಳೆಯ ಬ್ಯೂಟಿಷಿಯನ್ನರು ಅದನ್ನು ಆರಿಸಿಕೊಂಡರೆ ತಪ್ಪೆನ್ನಲಾಗದು. ಒಂದು ತಿಂಗಳ ಶಿಬಿರದಲ್ಲಿ ಫೇಶಿಯಲ್‌, ಥ್ರೆಡಿಂಗ್‌, ಹೇರ್‌ ಕಟ್‌ ಮುಗಿಯುವಷ್ಟರಲ್ಲಿ ಮೊಗ್ಗಿನ ಜಡೆಗೆ ಎಷ್ಟು ದಿನ ಉಳಿದೀತು? ಬೆಳಿಗ್ಗೆ ಮೊಗ್ಗು ಆರಿಸಿ ಕೂರುವಷ್ಟು ತಾಳ್ಮೆಯಿದ್ದ ಹಿರಿಯರಲ್ಲಿ ಹಲವರು ಪಾರ್ಲರಿನ ಬಾಗಿಲು ಮುಚ್ಚಿ ಮನೆಯಲ್ಲಿದ್ದಾರೆ. ಶಂಕರಪುರದ ಕಟ್ಟೆಗೆ ಹೂ ಬರುವ ಕಾಲದಲ್ಲಿ ಅವರನ್ನು ವಾರದ ಮಟ್ಟಿಗೆ ತರಗತಿಗೆ ಕರೆಸಿಕೊಳ್ಳಲು ದೊಡ್ಡ ಯೋಜನೆಯೇನೂ ಬೇಡ. ಆದರೆ ಕರೆ ಹೋಗುವಷ್ಟರಲ್ಲಿ ಅವರ ಕಣ್ಣು ಸೂಜಿಗೆ ದಾರ ಪೋಣಿಸುವಷ್ಟು ಚುರುಕಾಗಿ ಉಳಿದಿರಬೇಕು.