ಹಾಡೋದೂ ಇವನೇ, ವಿಮಾನ ಓಡಿಸೋದೂ ಇವನೇ!

2007ರ ಮಾರ್ಚ್ 17. ಬೆಂಗಳೂರಿನ ಅರಮನೆ ಮೈದಾನ. ಮದುವೆ, ವಸ್ತುಪ್ರದರ್ಶನ, ರಾಜಕೀಯದವರ ಸಮಾವೇಶ ಎಲ್ಲ ಕಂಡ ಆ ಮೈದಾನದಲ್ಲಿ ಅವತ್ತು ಕಪ್ಪು ಟೀ-ಶರ್ಟಿನ ಹುಡುಗರ ಜಾತ್ರೆ. ಬೇರೆ ರಾಜ್ಯಗಳಿಂದಲೂ ರೈಲು ಹತ್ತಿ ಬಂದಿದ್ದರು. ವೇದಿಕೆ ಮೇಲೆ 48 ವಯಸ್ಸಿನ, ಕುಳ್ಳಗಿನ ಒಬ್ಬ ಇಂಗ್ಲಿಷಿನವ ಆ ಮೂಲೆಯಿಂದ ಈ ಮೂಲೆಗೆ ಓಡ್ತಾ, ನೆಗೀತಾ, ಕಿರುಚ್ತಾ ಇದ್ದ. ಹೆಸರು ಬ್ರೂಸ್ ಡಿಕಿನ್ಸನ್. ಬ್ಯಾಂಡಿನ ಹೆಸರು ಐರನ್ ಮೇಡನ್. ಆ ಬ್ಯಾಂಡು ಭಾರತದಲ್ಲಿ ಹಾಡಿದ್ದು ಅದೇ ಮೊದಲು.

ಹೆವಿ ಮೆಟಲ್ ಅಂದ್ರೆ ಏನು ಅಂತ ಕೇಳುವವರಿಗೆ ಒಂದು ಮಾತು. ಕರೆಂಟಿನ ಗಿಟಾರು, ಎದೆ ನಡುಗಿಸೋ ಡ್ರಮ್ಮು, ಅದರ ಮೇಲೆ ಗಂಟಲು ಹರಿಯುವಂಥ ಹಾಡು. ಇದು ಸಂಗೀತವೋ ಗದ್ದಲವೋ ಅನ್ನೋ ಜಗಳ ಇಲ್ಲಿ ಬೇಡ. ಆದರೆ ಡಿಕಿನ್ಸನ್‌ಗೆ ಅಭಿಮಾನಿಗಳು ಇಟ್ಟಿರೋ ಅಡ್ಡಹೆಸರು ಮಾತ್ರ ಸರಿಯಾಗಿದೆ: 'ವಾಯುದಾಳಿಯ ಸೈರನ್'!

ಹುಟ್ಟಿದ್ದು 1958ರ ಆಗಸ್ಟ್ 7ರಂದು, ಇಂಗ್ಲೆಂಡಿನ ವರ್ಕ್ಸಪ್ ಎಂಬ ಕಲ್ಲಿದ್ದಲು ಗಣಿ ಊರಿನಲ್ಲಿ. ಅಪ್ಪ ಸೈನ್ಯದಲ್ಲಿ ಮೆಕ್ಯಾನಿಕ್, ಅಮ್ಮ ಚಪ್ಪಲಿ ಅಂಗಡಿಯಲ್ಲಿ ಅರ್ಧ ದಿನದ ಕೆಲಸ. ಇಬ್ಬರೂ ಇಪ್ಪತ್ತು ದಾಟದ ಪೋರರು. ಮಗುವನ್ನ ಸಾಕಿದ್ದು ಅಮ್ಮನ ಅಪ್ಪ-ಅಮ್ಮ. ಆ ತಾತ ಗಣಿಯೊಳಗಿಳಿದು ಕಲ್ಲಿದ್ದಲು ಕಡಿಯುವಾತ. ಮುಂದೆ ಅಪ್ಪ-ಅಮ್ಮನ ಕೈಗೆ ನಾಲ್ಕು ಕಾಸು ಬಂದ ಮೇಲೆ ಹುಡುಗನನ್ನ ದೊಡ್ಡ ಬೋರ್ಡಿಂಗ್ ಶಾಲೆಗೆ ಹಾಕಿದರು. ಪುಣ್ಯಾತ್ಮ ಅಲ್ಲಿ ಮಾಡಿದ್ದೇನು? ಗೆಳೆಯನ ಜೊತೆ ಸೇರಿ ಹೆಡ್‌ಮಾಸ್ಟರ ಊಟಕ್ಕೆ ಮೂತ್ರ ಬೆರೆಸಿದ. ಶಾಲೆಯಿಂದ ಹೊರಗೆ! ಆಮೇಲೆ ಲಂಡನ್ನಿನಲ್ಲಿ ಇತಿಹಾಸ ಓದಿದ. ಹಗಲು ಪಾಠ, ರಾತ್ರಿ ಹಾಡು.

1981ರಲ್ಲಿ ಐರನ್ ಮೇಡನ್‌ಗೆ ಹಾಡುಗಾರ ಬೇಕಿತ್ತು. ಸ್ಯಾಮ್ಸನ್ ಅನ್ನೋ ಬ್ಯಾಂಡಿನಲ್ಲಿದ್ದ ಡಿಕಿನ್ಸನ್ ಅಲ್ಲಿಗೆ ಬಂದ. ಮರುವರ್ಷವೇ ಬಂದ 'ದಿ ನಂಬರ್ ಆಫ್ ದಿ ಬೀಸ್ಟ್' ರೆಕಾರ್ಡು ಬ್ರಿಟನ್ನಿನಲ್ಲಿ ಒಂದನೇ ನಂಬರಿಗೆ ಏರಿತು. ಅಮೆರಿಕದಲ್ಲಿ ಮಾತ್ರ ಕೆಲವು ಧರ್ಮಭೀರುಗಳು ಇವರು ದೆವ್ವದ ಪೂಜೆ ಮಾಡ್ತಾರೆ ಅಂತ ರೆಕಾರ್ಡುಗಳಿಗೆ ಬೆಂಕಿ ಇಟ್ಟರು. ಬೆಂಕಿ ಇಡೋಕೂ ರೆಕಾರ್ಡು ಕೊಳ್ಳಬೇಕಲ್ಲ, ವ್ಯಾಪಾರಕ್ಕೇನೂ ನಷ್ಟವಾಗಲಿಲ್ಲ.

ಹನ್ನೆರಡು ವರ್ಷ ಹೀಗೇ ನಡೀತು. 1993ರಲ್ಲಿ, ತುಂಬಿದ ಅಂಗಡಿ ಬಿಟ್ಟು ಎದ್ದು ಹೋದ ಹಾಗೆ, ಬ್ಯಾಂಡು ಬಿಟ್ಟ. ಸ್ವಂತವಾಗಿ ಏನಾದರೂ ಮಾಡಬೇಕು ಅನ್ನೋ ಹಟ.

ಆ ಒಂಟಿ ದಿನಗಳಲ್ಲೇ ಅವನ ಬದುಕಿನ ದೊಡ್ಡ ಘಟನೆ ನಡೆದದ್ದು. 1994ರ ಡಿಸೆಂಬರ್. ಬೋಸ್ನಿಯಾದ ಸರಾಯೆವೋ ನಗರಕ್ಕೆ ಮುತ್ತಿಗೆ ಬಿದ್ದು ಎರಡೂವರೆ ವರ್ಷವಾಗಿತ್ತು. ಸುತ್ತ ಬೆಟ್ಟಗಳ ಮೇಲೆ ಫಿರಂಗಿ, ಬಂದೂಕು. ನೀರು ತರೋಕೆ ಬೀದಿಗೆ ಇಳಿದವರು ಗುಂಡು ತಿಂದು ಬೀಳ್ತಿದ್ದ ಕಾಲ. ಕರೆಂಟಿಲ್ಲ, ಸೌದೆಯಿಲ್ಲ. ಅಂಥಲ್ಲಿಗೆ ಹೋಗಿ ಹಾಡ್ತೀನಿ ಅಂತ ಹೊರಟ. ಹೆಲಿಕಾಪ್ಟರ್ ಸಿಗಲಿಲ್ಲ. ಪರಿಹಾರ ಸಾಮಾನು ಸಾಗಿಸೋ ಸಂಸ್ಥೆಯೊಂದರ ಲಾರಿಯಲ್ಲಿ ಕೂತು, ಚಳಿಯಲ್ಲಿ, ಕತ್ತಲಲ್ಲಿ, ಇಗ್ಮನ್ ಬೆಟ್ಟದ ದಾರಿ ಹಿಡಿದು ಊರೊಳಗೆ ಇಳಿದರು. ಜೊತೆಗಿದ್ದ ವಾದ್ಯದ ಹುಡುಗರೂ ಹಿಂದೆ ಸರಿಯಲಿಲ್ಲ. ಡಿಸೆಂಬರ್ 14ರಂದು ಅಲ್ಲಿನ ಒಂದು ಸಭಾಂಗಣದಲ್ಲಿ ಹಾಡಿದರು. ನಿಜವಾದ ಸೈರನ್ನನ್ನೇ ಕೇಳಿ ಕೇಳಿ ಸಾಕಾಗಿದ್ದ ಜನ ಅವತ್ತು ಈ ಸೈರನ್ ಕೇಳಿ ಕುಣಿದರು. ಮಾರನೆಯ ದಿನ ಮತ್ತೆ ಅದೇ ಮುತ್ತಿಗೆ. ಆದರೂ ಆ ಊರು ಮರೆಯಲಿಲ್ಲ. ಕಾಲು ಶತಮಾನ ಕಳೆದ ಮೇಲೆ, 2019ರಲ್ಲಿ, ಆತನನ್ನ ಕರೆಸಿ ಗೌರವ ಪೌರತ್ವ ಕೊಟ್ಟಿತು.

1999ರಲ್ಲಿ ಮೇಡನ್‌ಗೆ ವಾಪಸು. ಅಷ್ಟು ಹೊತ್ತಿಗೆ ಆಸಾಮಿಗೆ ವಿಮಾನದ ಹುಚ್ಚು ಹಿಡಿದಿತ್ತು. ಹುಚ್ಚು ಅಂದ್ರೆ ದುಡ್ಡಿದ್ದವರ ಶೋಕಿ ಅಲ್ಲ ಸ್ವಾಮಿ. ಪರೀಕ್ಷೆ ಪಾಸು ಮಾಡಿ, ಆಸ್ಟ್ರೇಯಸ್ ಎಂಬ ಕಂಪನಿಯಲ್ಲಿ ಕೆಲಸಕ್ಕೆ ಸೇರಿ, ಬೋಯಿಂಗ್ 757ರ ಕ್ಯಾಪ್ಟನ್ ಆದ. ಟಿಕೆಟ್ ತಗೊಂಡು ಕೂತ ಎಷ್ಟೋ ಜನಕ್ಕೆ ಮುಂದೆ ಕೂತು ಓಡಿಸ್ತಿರೋನು ಯಾರು ಅನ್ನೋದೇ ಗೊತ್ತಿರಲಿಲ್ಲ. 2006ರಲ್ಲಿ ಲೆಬನಾನಿನಲ್ಲಿ ಯುದ್ಧ ಹತ್ತಿಕೊಂಡಾಗ ಸಿಕ್ಕಿಬಿದ್ದ 200 ಬ್ರಿಟಿಷರನ್ನ ಮನೆಗೆ ಮುಟ್ಟಿಸಿದ. 2008ರಲ್ಲಿ ಒಂದು ವಿಮಾನ ಕಂಪನಿ ರಾತ್ರೋರಾತ್ರಿ ಬಾಗಿಲು ಹಾಕಿದಾಗ ಈಜಿಪ್ಟಿನಲ್ಲಿ ಉಳಿದುಹೋದ 180 ಪ್ರವಾಸಿಗಳನ್ನೂ ಹೀಗೇ ಕರೆತಂದ. ಕಡೆಯ ಬಸ್ಸು ತಪ್ಪಿಸಿಕೊಂಡು ಸ್ಟ್ಯಾಂಡಿನಲ್ಲಿ ನಿಂತವರಿಗೆ ಇದರ ಬೆಲೆ ಗೊತ್ತು.

ಅದೇ ವರ್ಷ ಬ್ಯಾಂಡಿನವರು, ಕೆಲಸದವರು, 12 ಟನ್ ಸಾಮಾನು ಎಲ್ಲವನ್ನೂ ಒಂದೇ 757ಕ್ಕೆ ತುಂಬಿ ಲೋಕ ಸುತ್ತೋಕೆ ಹೊರಟರು. ಮೊದಲ ಕಾರ್ಯಕ್ರಮ ಮುಂಬಯಿಯಲ್ಲಿ. 2009ರ ಫೆಬ್ರವರಿಯಲ್ಲಿ ಮತ್ತೊಮ್ಮೆ ಬೆಂಗಳೂರು. ಚಾಲಕನ ಸೀಟಿನಲ್ಲಿ ಹಾಡುಗಾರನೇ!

ಪೆಟ್ಟು ಬಿದ್ದದ್ದು 2014ರ ಡಿಸೆಂಬರಿನಲ್ಲಿ. ನಾಲಿಗೆಯ ಹಿಂಭಾಗದಲ್ಲಿ ಗಡ್ಡೆ. ಕ್ಯಾನ್ಸರ್. ಹಾಡುಗಾರನಿಗೆ ನಾಲಿಗೆ, ಗಂಟಲು ಅಂದ್ರೆ ಅಂಗಡಿಯವನಿಗೆ ಗಲ್ಲಾಪೆಟ್ಟಿಗೆ ಇದ್ದ ಹಾಗೆ. ನಮ್ಮ ಕಡೆ ಬಾಯಿ ಕ್ಯಾನ್ಸರ್ ಅಂದ ತಕ್ಷಣ ಹೊಗೆಸೊಪ್ಪು, ಗುಟ್ಕಾ ಅಂತೀವಿ. ಬಹಳ ಸಲ ಅದು ನಿಜವೇ. ಇವನಿಗೆ ಬಂದದ್ದು ಎಚ್‌ಪಿವಿ ಅನ್ನೋ ವೈರಸ್ಸಿನಿಂದ. ಹೆಂಗಸರ ಗರ್ಭಕೊರಳಿಗೆ ಕ್ಯಾನ್ಸರ್ ತರುವ ಅದೇ ವೈರಸ್ಸು. ಏಳು ವಾರ ಔಷಧ, ವಿಕಿರಣ. 2015ರ ಮೇ ತಿಂಗಳಲ್ಲಿ ರೋಗ ಹೋಯಿತು ಅಂದರು ವೈದ್ಯರು. ಡಿಕಿನ್ಸನ್ ರೋಗವನ್ನ ಮುಚ್ಚಿಡಲಿಲ್ಲ. ಕುತ್ತಿಗೆಯಲ್ಲಿ ಗಂಟು ಕಂಡರೆ ಸುಮ್ಮನಿರಬೇಡಿ, ತೋರಿಸಿಕೊಳ್ಳಿ ಅಂತ ಗಂಡಸರಿಗೆ ಬಹಿರಂಗವಾಗೇ ಹೇಳಿದ.

ರೋಗ ಗೊತ್ತಾಗೋಕೆ ಮುಂಚೆ ಹಾಡಿಟ್ಟಿದ್ದ ರೆಕಾರ್ಡು 2015ರ ಸೆಪ್ಟೆಂಬರಿನಲ್ಲಿ ಹೊರಬಂತು. ಅದರ ಕೊನೆಗೆ 18 ನಿಮಿಷದ ಒಂದು ಹಾಡಿದೆ. ಬರೆದದ್ದು, ಪಿಯಾನೋ ನುಡಿಸಿದ್ದು ಡಿಕಿನ್ಸನ್ನೇ. 1930ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನಿಂದ ನಮ್ಮ ಕಡೆಗೆ, ಆಗಿನ್ನೂ ಭಾರತದಲ್ಲಿದ್ದ ಕರಾಚಿಗೆ ಹೊರಟ ಆರ್-101 ಅನ್ನೋ ಭಾರೀ ವಾಯುನೌಕೆಯ ಕತೆ ಅದು. ಫ್ರಾನ್ಸಿನಲ್ಲೇ ಬಿದ್ದು ಉರಿದು ಹೋಯಿತು, 48 ಜನ ಸತ್ತರು.

ಗಂಟಲು ಮೊದಲಿನಂತಾಗುತ್ತೋ ಇಲ್ಲವೋ ಅನ್ನೋ ಅನುಮಾನದಲ್ಲೇ ಪ್ರವಾಸವನ್ನ ಮುಂದಿನ ವರ್ಷಕ್ಕೆ ತಳ್ಳಿದ್ದರು. 2016ರ ಫೆಬ್ರವರಿಯಲ್ಲಿ ಹೊರಟಾಗ ಈತ 747 ಜಂಬೋ ಓಡಿಸೋದನ್ನೂ ಕಲಿತಿದ್ದ. ಚಿಲಿ ದೇಶದಲ್ಲಿ ನಿಲ್ದಾಣದವರು ಎಳೆದೊಯ್ಯುವಾಗ ಆ ವಿಮಾನ ಡಿಕ್ಕಿ ಹೊಡೆದು ಎಂಜಿನ್ನು ಕೆಟ್ಟವು. ಆಗ ಸೀಟಿನಲ್ಲಿ ಇವನಿರಲಿಲ್ಲ. ಎಂಜಿನ್ ಬದಲಾಯಿಸಿಕೊಂಡು ಮತ್ತೆ ಹೊರಟರು.

2025ರಲ್ಲಿ ಬ್ಯಾಂಡಿಗೆ 50 ವರ್ಷ ತುಂಬಿತು. ಆ ಮೇ ತಿಂಗಳಲ್ಲಿ ಬುಡಾಪೆಸ್ಟಿನಿಂದ ಪ್ರವಾಸ ಶುರುವಾದಾಗ 66ರ ಡಿಕಿನ್ಸನ್ ಅದೇ ಹಳೇ ಹಾಡುಗಳನ್ನ ಅದೇ ಎತ್ತರದಲ್ಲಿ ಕಿರುಚ್ತಾ, ಆ ಮೂಲೆಯಿಂದ ಈ ಮೂಲೆಗೆ ಓಡ್ತಾ ಇದ್ದ.